ಮೂವತ್ತೊಂದು ಕಿಲೋದ ಕಲ್ಲು

ಉಡುಪಿ ಹತ್ತಿರದ ಪರ್ಕಳದಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಜಾಗ ಗುಡ್ಡದ ಬದಿ. ಲಾರಿ ಕೆಳಗಿನ ರಸ್ತೆಯಲ್ಲೇ ನಿಲ್ಲುತ್ತದೆ. ಅಲ್ಲಿಂದ ಕೆಂಪುಕಲ್ಲು ತಲೆಹೊರೆಯಲ್ಲಿ ಮೇಲೆ ಬರಬೇಕು. ಹೊರುವವರು ಕಲ್ಲಿಗೆ 12 ರೂಪಾಯಿ ಹೇಳಿದರು. 2,400 ಕಲ್ಲು. ಹೊರುವ ಕೂಲಿಯೇ 28,800!

ಅಕ್ಕನ ಮಗನ ಹತ್ತಿರ ಗೋಳು ಹೇಳಿಕೊಂಡೆ. ಇಂಜಿನಿಯರಿಂಗ್ ಓದುವ ಹುಡುಗ. "ಮಾವ, ಡ್ರೋನ್‌ನಲ್ಲಿ ತರಿಸುವ" ಅಂದ. ವಿಡಿಯೋ ಬೇರೆ ತೋರಿಸಿದ. ಫ್ರಾನ್ಸ್‌ನ ಓರ್ಲಿಯಾನ್‌ನಲ್ಲಿ 2011ರ ಕೊನೆಗೆ ಡ್ರೋನ್‌ಗಳೇ 1,500 ಇಟ್ಟಿಗೆ ಪೇರಿಸಿ ಆರು ಮೀಟರ್ ಗೋಪುರ ಕಟ್ಟಿದ್ದವು. ಬಾಯಿ ಬಿಟ್ಟು ನೋಡಿದೆ. ಆಮೇಲೆ ಗೊತ್ತಾಯಿತು, ಎಲ್ಲ ಫೋಮ್ ಇಟ್ಟಿಗೆ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2022ರಲ್ಲಿ ಇನ್ನೂ ಮುಂದೆ ಹೋಗಿದ್ದಾರಂತೆ. ಅವರ ಡ್ರೋನ್ ಹಾರುತ್ತಲೇ ಪದರದ ಮೇಲೆ ಪದರ ಸುರಿಯುತ್ತದೆ. ಫೋಮಿನಲ್ಲಿ ಎರಡು ಮೀಟರ್ ಎತ್ತರದ ಕಂಬ ಎಬ್ಬಿಸಿದರು. ಸಿಮೆಂಟ್ ಮಿಶ್ರಣದಲ್ಲಿ? 18 ಸೆಂಟಿಮೀಟರ್. ನಮ್ಮ ತುಳಸಿಕಟ್ಟೆಗೂ ಸಾಲದು.

ಮರುದಿನ ತೂಕದ ಮೆಷಿನ್ ತಂದು ಒಂದು ಕೆಂಪುಕಲ್ಲು ಇಟ್ಟೆವು. 31 ಕಿಲೋ. ಗದ್ದೆಗೆ ಮದ್ದು ಬಿಡುವ ಡ್ರೋನ್ ಹತ್ತು ಲೀಟರ್ ಹೊರುತ್ತದೆ. ಅಂದರೆ ಕಲ್ಲನ್ನು ನಾಲ್ಕು ತುಂಡು ಮಾಡಬೇಕು. ಮೇಸ್ತ್ರಿ ಎಲ್ಲ ಕೇಳಿ, "ಅದಕ್ಕೆ ಹತ್ತು ಗಂಟೆಗೆ ಚಾ ಬೇಡ ಅಲ್ವಾ?" ಅಂದರು.

ಆದರೂ ಹುಡುಗನ ಒಂದು ಮಾತು ತಲೆಯಲ್ಲಿ ಉಳಿಯಿತು. ತಲೆಹೊರೆ ಬೇಡವಾದರೆ ಉಳಿಯುವ ದಾರಿ ಜೆಸಿಬಿ. ಗುಡ್ಡ ಕಡಿದು ರಸ್ತೆ ಮಾಡುವುದು. ಅದಕ್ಕೆ ನನಗೆ ಹೇಳಿದ ರೇಟು ಒಂದೂವರೆ ಲಕ್ಷ, ಜೊತೆಗೆ ಎರಡು ಹಲಸಿನ ಮರ ಹೋಗುತ್ತವೆ. ಕಡಿದ ಗುಡ್ಡ ಆಟಿ ತಿಂಗಳ ಜೋರು ಮಳೆಗೆ ಏನಾಗುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. "ಹಾರಿಕೊಂಡು ಬರುವ ಕಲ್ಲಿಗೆ ರಸ್ತೆ ಬೇಡ" ಅಂದಿದ್ದ ಹುಡುಗ. ಡ್ರೋನ್‌ನಿಂದ ನಿಜವಾದ ಲಾಭ ಇಲ್ಲಿದ್ದೀತು, ಕೂಲಿ ಉಳಿಸುವುದರಲ್ಲಿ ಅಲ್ಲ.

ಸಿಮೆಂಟಿನ ಲೆಕ್ಕ ಮಾತ್ರ ಬದಲಾಗುವುದಿಲ್ಲ. ಜಗತ್ತಿನ ಇಂಗಾಲದ ಹೊಗೆಯಲ್ಲಿ ಸುಮಾರು ಶೇ. 8 ಸಿಮೆಂಟಿನದ್ದೇ. ಚೀಲ ಹಾರಿ ಬಂದರೂ ತಲೆಯ ಮೇಲೆ ಬಂದರೂ ಆ ಹೊಗೆ ಅಷ್ಟೇ. ಹಾಗಾಗಿ ಒಳಗೋಡೆಗೆ ಸಿಮೆಂಟಿನ ಗಾರೆ ಬೇಡ ಅಂದಿದ್ದೇನೆ. ಕಲ್ಲು ಹಾಗೇ ಕಾಣಲಿ. ಹೆಂಡತಿಗೆ ಇನ್ನೂ ಒಪ್ಪಿಗೆ ಇಲ್ಲ. ಧೂಳು ಉದುರುತ್ತದಂತೆ.

ಕೊನೆಗೆ 12 ರೂಪಾಯಿಗೇ ಒಪ್ಪಿದೆ. ಅಳಿಯ ಭಾನುವಾರ ಬಂದು, ಸಿಂಬೆ ಇಟ್ಟು ತಾನೂ ಒಂದು ಕಲ್ಲು ಹೊತ್ತ. ಅರ್ಧ ದಾರಿಯಲ್ಲಿ ಇಳಿಸಿ ಕೂತ. ಅದು ಅಲ್ಲೇ ಉಂಟು. ಉಳಿದ 640 ರಸ್ತೆ ಬದಿಯಲ್ಲಿ.