ಚಿಕ್ಕಮಗಳೂರಲ್ಲೇ ಕೂತು ಕೋಡ್ ಬರೆಯೋಕೆ ಏನೇನು ಬೇಕು?

ಇಲ್ಲಿನ ಎಂಜಿನಿಯರಿಂಗ್ ಕಾಲೇಜು ಎಐಟಿಯಲ್ಲಿ ಕೊನೇ ವರ್ಷ ಓದುತ್ತಿರುವವರು, ಬೆಂಗಳೂರಿನ ಬಾಡಿಗೆ ಸಾಕಾಗಿ ಊರಿಗೆ ವಾಪಸಾಗೋಣ ಅಂದುಕೊಂಡಿರುವವರು, ಮೂಡಿಗೆರೆ, ಕೊಪ್ಪ, ಆಲ್ದೂರು ಕಡೆ ತೋಟದ ಮನೆಯಲ್ಲಿರುವವರು ಎಲ್ಲರೂ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮಳೆಗಾಲದಲ್ಲಿ ಕರೆಂಟೂ ಇರಲ್ಲ, ನೆಟ್ಟೂ ಇರಲ್ಲ. ಪ್ರೋಗ್ರಾಮಿಂಗ್ ಕೆಲಸ ಹೇಗೆ ಮಾಡ್ತೀರಿ? ಯಾವ ಸಾಫ್ಟ್‌ವೇರ್ ಬಳಸ್ತೀರಿ?"

ಧಾರಾಳವಾಗಿ ಮಾಡಬಹುದು. ಪಾಲಿಸಬೇಕಾದ ನಿಯಮ ಒಂದೇ. ಕೋಡ್ ಬರೆಯುವುದು, ಓಡಿಸಿ ನೋಡುವುದು, ಟೆಸ್ಟ್ ಮಾಡುವುದು, ಕೈಪಿಡಿ ಹುಡುಕುವುದು ಇಷ್ಟೂ ಲ್ಯಾಪ್‌ಟಾಪಿನೊಳಗೇ ಮುಗಿಯಬೇಕು. ಕಳಿಸೋಕೆ, ತರಿಸೋಕೆ ಮಾತ್ರ ನೆಟ್ ಬೇಕು ಅನ್ನುವಂತಿರಬೇಕು. ನಾನು ಯಾವ ಟೂಲನ್ನೇ ಆರಿಸಿದರೂ ಮೊದಲು ನೋಡುವುದು ಇದನ್ನು: ನೆಟ್ ಹೋದ ಗಳಿಗೆಯಲ್ಲಿ ಇದರಲ್ಲಿ ಎಷ್ಟು ಉಳಿಯುತ್ತದೆ?

ಮೊದಲು ಕರೆಂಟಿನ ಮಾತು. ಲ್ಯಾಪ್‌ಟಾಪಿಗೆ ಅದರದ್ದೇ ಬ್ಯಾಟರಿ ಇದೆ. ಕರೆಂಟು ಹೋದ ಕೂಡಲೇ ಕೈಕೊಡುವುದು ಫೈಬರ್ ಪೆಟ್ಟಿಗೆ. ಲೈನಿನಲ್ಲಿ ಬರುವುದು ಬೆಳಕು, ಅದನ್ನು ವೈಫೈ ಮಾಡುವ ಒಎನ್‌ಟಿಗೆ ನಿಮ್ಮ ಮನೆಯ ಕರೆಂಟೇ ಆಗಬೇಕು. ಬಹಳಷ್ಟು ಒಎನ್‌ಟಿಗಳು 12 ವೋಲ್ಟಿನವು. ಅಡಾಪ್ಟರ್ ಮೇಲೆ 1 ಅಥವಾ 1.5 ಆಂಪಿಯರ್ ಅಂತ ಬರೆದಿದ್ದರೂ ಎಳೆಯುವುದು ಸುಮಾರು 8 ವ್ಯಾಟ್ ಅಷ್ಟೆ. ಅದಕ್ಕೆ ರೂಟರ್ ಯುಪಿಎಸ್ ಎಂಬ ಸಣ್ಣ ಡಬ್ಬಿ ಸಿಗುತ್ತದೆ, ನಾನು ಮೊದಲು ಕೊಳ್ಳಿ ಅನ್ನುವುದು ಅದನ್ನೇ.

ಕೊಳ್ಳುವಾಗ ಡಬ್ಬಿಯ ಮೇಲಿನ "8000 ಎಂಎಎಚ್" ನೋಡಿ ಲೆಕ್ಕ ತಪ್ಪಬೇಡಿ. ಆ ಅಂಕಿ ಒಳಗಿನ ಲಿಥಿಯಂ ಸೆಲ್ಲಿನ 3.7 ವೋಲ್ಟಿನ ಲೆಕ್ಕ, 12 ವೋಲ್ಟಿನದಲ್ಲ. 8 ಆಂಪಿಯರ್-ಅವರ್ ಅನ್ನು 3.7ರಿಂದ ಗುಣಿಸಿದರೆ 29.6 ವ್ಯಾಟ್-ಅವರ್. ವೋಲ್ಟೇಜ್ ಏರಿಸುವಾಗ ಐದರಲ್ಲೊಂದು ಪಾಲು ಸೋರಿಹೋಗುತ್ತದೆ ಅಂದುಕೊಂಡರೂ 24 ಸಿಗುತ್ತದೆ, 8 ವ್ಯಾಟಿನ ಪೆಟ್ಟಿಗೆಗೆ ಮೂರು ಗಂಟೆ. ಒಎನ್‌ಟಿ, ರೂಟರ್ ಬೇರೆ ಬೇರೆ ಇದ್ದರೆ ಅರ್ಧಕ್ಕೆ ಇಳಿಸಿ ಎಣಿಸಿ. ಪಿನ್ ಕೂಡ ನೋಡಿಕೊಳ್ಳಿ: ಹೊರಗಿನ ಅಳತೆ 5.5 ಮಿಲಿಮೀಟರ್ ಇದ್ದರೂ ಒಳಗಿನದು 2.1 ಅಥವಾ 2.5 ಆಗಿರುತ್ತದೆ. 2.5ರ ಪಿನ್ನನ್ನು 2.1ರ ಸಾಕೆಟ್ಟಿಗೆ ತುರುಕಿದರೆ ಒಳಹೋಗುತ್ತದೆ, ಆದರೆ ಸಡಿಲ. ಮೇಜು ಅಲುಗಿದರೂ ರೂಟರ್ ರೀಸ್ಟಾರ್ಟ್ ಆಗುತ್ತದೆ. ನೆಟ್ ಪದೇ ಪದೇ ಕಟ್ ಆಗ್ತಿದೆ ಅನ್ನುವ ದೂರಿಗೆ ಕೆಲವು ಸಲ ಕಾರಣ ಇಷ್ಟೇ ಇರುತ್ತದೆ. ಮನೆಯಲ್ಲಿ ಇನ್‌ವರ್ಟರ್ ಇದ್ದು ನೀವು ಡೆಸ್ಕ್‌ಟಾಪ್ ಬಳಸುವವರಾದರೆ, ಇನ್‌ವರ್ಟರಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿ. ಸಾದಾ ಮೋಡಿನಲ್ಲಿ ಬ್ಯಾಟರಿಗೆ ಬದಲಾಗಲು ಹಿಡಿಯುವ ಸಮಯ ಫ್ಯಾನಿಗೆ ಗೊತ್ತಾಗುವುದಿಲ್ಲ, ಕಂಪ್ಯೂಟರ್ ಆರಿಹೋಗುತ್ತದೆ.

ಯುಪಿಎಸ್ ಇದ್ದೂ ನೆಟ್ ಇಲ್ಲವಾದರೆ ಒಎನ್‌ಟಿಯ ದೀಪಗಳನ್ನು ಓದಿ. ಪಿಒಎನ್ ಹಸಿರಾಗಿ ಸ್ಥಿರವಾಗಿದ್ದು ಎಲ್‌ಒಎಸ್ ಆರಿದ್ದರೆ ಬೆಳಕು ನಿಮ್ಮ ಮನೆವರೆಗೂ ಬರುತ್ತಿದೆ, ತೊಂದರೆ ಮುಂದೆಲ್ಲೋ ಇದೆ; ಪೆಟ್ಟಿಗೆ ಆರಿಸಿ ಹಾಕುವುದರಿಂದ ಹೆಚ್ಚೇನೂ ಆಗದು. ಎಲ್‌ಒಎಸ್ ಕೆಂಪಗೆ ಮಿನುಗಿದರೆ ಬೆಳಕೇ ಇಲ್ಲ. ಆಗ ಪಕ್ಕದ ಮನೆಯವರನ್ನು ಕೇಳಿ. ಅವರಿಗೂ ಇಲ್ಲವೆಂದರೆ ಸಿಲ್ವರ್ ಮರವೋ ಕೊಂಬೆಯೋ ಲೈನಿನ ಮೇಲೆ ಬಿದ್ದಿರಬೇಕು, ಇಲ್ಲಾ ಆ ಕಡೆಯ ಪೆಟ್ಟಿಗೆಯ ಬ್ಯಾಟರಿಯೂ ಮುಗಿದಿರಬೇಕು. ನಿಮಗೊಬ್ಬರಿಗೇ ಇಲ್ಲವೆಂದರೆ ಮನೆಗೆ ಬಂದ ತಂತಿ ಎಲ್ಲೋ ಮಡಿಸಿಕೊಂಡಿದೆ. ಒಎನ್‌ಟಿಯ ಸೆಟ್ಟಿಂಗ್ ಪುಟದಲ್ಲಿ ಆರ್‌ಎಕ್ಸ್ ಪವರ್ ಅಂತ ಒಂದು ಅಂಕಿ ಇರುತ್ತದೆ, ಒಳಬರುವ ಬೆಳಕು ಎಷ್ಟು ಬಲವಾಗಿದೆ ಅನ್ನುವ ಲೆಕ್ಕ ಅದು. ಅದು ಮೈನಸ್ 25 ಡಿಬಿಎಂಗಿಂತ ಕೆಳಗಿಳಿದಿದ್ದರೆ, ಅಂದರೆ ಮೈನಸ್ 26, 27 ತೋರಿಸಿದರೆ, ಈಗ ಓಡುತ್ತಿದ್ದರೂ ಇವತ್ತೋ ನಾಳೆಯೋ ಕೈಕೊಡುತ್ತದೆ. ಲೈನ್‌ಮ್ಯಾನಿಗೆ ಫೋನ್ ಮಾಡುವಾಗ "ಸ್ಲೋ ಇದೆ" ಅನ್ನುವ ಬದಲು ಈ ಅಂಕಿ ಹೇಳಿ. ತುಂಡಾದ ಫೈಬರಿನ ತುದಿಗೆ ಮಾತ್ರ ಕಣ್ಣಿಟ್ಟು ನೋಡಬೇಡಿ, ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

ಬದಲಿ ವ್ಯವಸ್ಥೆಗೆ ಫೋನ್ ಸಾಕು. ಹಾಟ್‌ಸ್ಪಾಟಿಗಿಂತ ಯುಎಸ್‌ಬಿ ಟೆದರಿಂಗ್ ಮೇಲು: ಫೋನ್ ಬಿಸಿಯಾಗುವುದು ಕಡಿಮೆ, ಬ್ಯಾಟರಿಯೂ ಇಳಿಯದು, ಉದ್ದದ ಕೇಬಲ್ ಇದ್ದರೆ ಫೋನನ್ನು ಸಿಗ್ನಲ್ ಸಿಗುವ ಕಿಟಕಿಗೇ ಇಡಬಹುದು. ಮೀಟಿಂಗಿನಲ್ಲಿ ವಿಡಿಯೊ ಆಫ್ ಮಾಡಿ. ಮಾತಿಗೆ 100 ಕೆಬಿಪಿಎಸ್ ಒಳಗೇ ಸಾಕಾಗುತ್ತದೆ.

ಇನ್ನು ಸಾಫ್ಟ್‌ವೇರ್. ಇದರಲ್ಲಿ ನನ್ನ ಮಟ್ಟಿಗೆ ಗಿಟ್‌ಗೆ ಮೊದಲ ಸ್ಥಾನ, ಎಡಿಟರ್ ಆಮೇಲೆ. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ಲಿನ ಕೆಲಸಕ್ಕೆಂದು ಬರೆದ ಈ ಟೂಲ್ ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿ, ಪ್ರಾಜೆಕ್ಟಿನ ಇಡೀ ಇತಿಹಾಸವನ್ನು ನಿಮ್ಮ ಯಂತ್ರದಲ್ಲೇ ಇಡುತ್ತದೆ. ಕಮಿಟ್ (ಬದಲಾವಣೆಯನ್ನು ದಾಖಲಿಸುವುದು), ಬ್ರ್ಯಾಂಚ್, ಡಿಫ್, ಲಾಗ್, ಬ್ಲೇಮ್ ಯಾವುದಕ್ಕೂ ನೆಟ್ ಬೇಡ. ಸರ್ವರಿಗೆ ಕಳಿಸುವ ಪುಶ್, ಅಲ್ಲಿಂದ ತರಿಸುವ ಪುಲ್, ಫೆಚ್‌ಗೆ ಮಾತ್ರ ಬೇಕು. ಆದ್ದರಿಂದ ಬೆಳಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಎಲ್ಲ ಪ್ರಾಜೆಕ್ಟುಗಳಲ್ಲೂ ‘ಗಿಟ್ ಫೆಚ್’ ಓಡಿಸಿಬಿಡಿ. ಪುಲ್ ಬೇಡ, ಫೆಚ್ ಸಾಕು. ನಿಮ್ಮ ಕಡತಗಳನ್ನು ಮುಟ್ಟದೆ ಬೇರೆಯವರ ಕೆಲಸವನ್ನು ತಂದಿಡುತ್ತದೆ. ಆಮೇಲೆ ದಿನವಿಡೀ ನೆಟ್ ಇಲ್ಲದಿದ್ದರೂ ಸಹೋದ್ಯೋಗಿಯ ಕೋಡ್ ಓದಬಹುದು, ನಿಮ್ಮದರ ಜೊತೆ ಸೇರಿಸಿ ಪರೀಕ್ಷಿಸಬಹುದು. ಕಮಿಟ್‌ಗಳನ್ನು ಚಿಕ್ಕದಾಗಿಡಿ. ಸಂಜೆ ನೆಟ್ ಹತ್ತು ನಿಮಿಷ ಬಂದರೂ ಪುಶ್ ಮುಗಿಯುತ್ತದೆ.

ಗಿಟ್‌ನ ಒಂದು ಕೊರತೆ ನಮ್ಮ ಕಡೆಯವರನ್ನು ಹೆಚ್ಚು ಕಾಡುತ್ತದೆ. ‘ಕ್ಲೋನ್’, ಅಂದರೆ ಇಡೀ ಪ್ರಾಜೆಕ್ಟನ್ನು ಮೊದಲ ಸಲ ಇಳಿಸಿಕೊಳ್ಳುವುದು, ಅರ್ಧದಲ್ಲಿ ತುಂಡಾದರೆ ಬಿಟ್ಟಲ್ಲಿಂದ ಮುಂದುವರಿಯುವುದಿಲ್ಲ. ನೂರಕ್ಕೆ ತೊಂಬತ್ತು ಇಳಿದಿದ್ದರೂ ಮತ್ತೆ ಸೊನ್ನೆಯಿಂದಲೇ. ದೊಡ್ಡ ಪ್ರಾಜೆಕ್ಟಾದರೆ ಮೊದಲು ‘ಡೆಪ್ತ್ 1’ ಕೊಟ್ಟು ಕೊನೆಯ ಕಮಿಟ್ ಮಾತ್ರ ತರಿಸಿ, ಕೆಲಸ ಶುರುಮಾಡಿ. ಹಳೇ ಇತಿಹಾಸವನ್ನು ಫೆಚ್‌ನ ‘ಡೀಪನ್’ ಆಯ್ಕೆಯಿಂದ ನೂರು, ಇನ್ನೂರರಂತೆ ಸ್ವಲ್ಪ ಸ್ವಲ್ಪವೇ ಎಳೆದುಕೊಳ್ಳಿ. ಅದೂ ಆಗದಿದ್ದರೆ ಸರ್ವರಿನಲ್ಲಿ ‘ಗಿಟ್ ಬಂಡಲ್’ ಮಾಡಿ ಇಡೀ ಪ್ರಾಜೆಕ್ಟನ್ನು ಒಂದೇ ಫೈಲಾಗಿಸಿ. ಆ ಫೈಲನ್ನು, ಫೈಲ್ ಇಳಿಸುವ ಟೂಲುಗಳಾದ ಆರ್‌ಸಿಂಕ್‌ನ ‘ಪಾರ್ಶಿಯಲ್’ ಆಯ್ಕೆಯಲ್ಲೋ ವಿಗೆಟ್‌ನ ‘ಕಂಟಿನ್ಯೂ’ ಆಯ್ಕೆಯಲ್ಲೋ ಇಳಿಸಿದರೆ ಎಷ್ಟು ಸಲ ತುಂಡಾದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಇಳಿದ ಮೇಲೆ ಆ ಫೈಲಿನಿಂದಲೇ ಕ್ಲೋನ್ ಮಾಡಿ, ರಿಮೋಟ್ ವಿಳಾಸ ಬದಲಿಸಿದರಾಯಿತು.

ಡೆಸ್ಕ್‌ಟಾಪಿನವರಿಗೆ ಇನ್ನೊಂದು ಕಾಟ: ಕಮಿಟ್ ಮಾಡುತ್ತಿದ್ದಂತೆ ಕರೆಂಟು ಹೋಗಿ, ಮತ್ತೆ ಹಾಕಿದಾಗ "ಆಬ್ಜೆಕ್ಟ್ ಫೈಲ್ ಈಸ್ ಎಂಪ್ಟಿ" ಎಂಬ ದೋಷ. ಫೈಲಿನ ಹೆಸರು ಡಿಸ್ಕಿಗೆ ಬರೆದಾಗಿತ್ತು, ಒಳಗಿನ ಮಾಹಿತಿ ಇನ್ನೂ ಮೆಮೊರಿಯಲ್ಲೇ ಇತ್ತು, ಅದಕ್ಕೆ ಹೀಗಾಗುತ್ತದೆ. ಗಾಬರಿಯಲ್ಲಿ ಫೋಲ್ಡರ್ ಅಳಿಸಿ ಹೊಸದಾಗಿ ಕ್ಲೋನ್ ಮಾಡಿಬಿಟ್ಟರೆ ಪುಶ್ ಆಗದ ಕೆಲಸವೆಲ್ಲ ಹೋಗುತ್ತದೆ. ಮೊದಲು ಇಡೀ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿಡಿ. ಡಾಟ್‌ಗಿಟ್ ಒಳಗಿನ ‘ಆಬ್ಜೆಕ್ಟ್ಸ್’ನಲ್ಲಿ ಸೊನ್ನೆ ಬೈಟಿನ ಫೈಲುಗಳನ್ನು ಹುಡುಕಿ ಅಳಿಸಿ. ‘ಗಿಟ್ ಎಫ್‌ಎಸ್‌ಸಿಕೆ’ ಓಡಿಸಿದರೆ ಏನೇನು ಕಾಣೆಯಾಗಿದೆ ಎಂದು ಹೇಳುತ್ತದೆ, ಫೆಚ್ ಮಾಡಿದರೆ ಸರ್ವರಿನಲ್ಲಿ ಇದ್ದದ್ದು ಮರಳಬಹುದು. ಕೊನೆಯ ಕಮಿಟ್ಟೇ ಕೆಟ್ಟಿದ್ದರೆ ಡಾಟ್‌ಗಿಟ್ ಒಳಗಿನ ‘ಲಾಗ್ಸ್’ ಫೋಲ್ಡರಿನಲ್ಲಿ ‘ಹೆಡ್’ ಎಂಬ ಫೈಲ್ ತೆರೆಯಿರಿ. ಅದರ ಪ್ರತಿ ಸಾಲಿನ ಮೊದಲಲ್ಲಿ 40 ಅಕ್ಷರಗಳ ಎರಡು ಹ್ಯಾಶ್ (ಕಮಿಟ್‌ನ ಗುರುತು) ಇರುತ್ತವೆ, ಮೊದಲನೆಯದು ಹಿಂದಿನ ಕಮಿಟ್, ಎರಡನೆಯದು ಹೊಸದು. ಕೊನೆಯ ಸಾಲಿನ ಮೊದಲ ಹ್ಯಾಶ್ ತೆಗೆದು ‘ಅಪ್‌ಡೇಟ್-ರೆಫ್’ನಿಂದ ಬ್ರ್ಯಾಂಚನ್ನು ಅಲ್ಲಿಗೆ ತಿರುಗಿಸಿ. ‘ಇಂಡೆಕ್ಸ್’ ಫೈಲೂ ಕೆಟ್ಟಿದ್ದರೆ ಅಳಿಸಿ, ಯಾವ ಆಯ್ಕೆಯೂ ಇಲ್ಲದೆ ‘ಗಿಟ್ ರೀಸೆಟ್’ ಕೊಡಿ. ಅಲ್ಲಿ ‘ಹಾರ್ಡ್’ ಅಂತ ಮಾತ್ರ ಸೇರಿಸಬೇಡಿ. ನಿಮ್ಮ ಕೋಡ್ ಫೈಲುಗಳು ಹಾಗೇ ಇರುತ್ತವೆ, ಮತ್ತೆ ಕಮಿಟ್ ಮಾಡಿ.

ಕಂಪನಿಯ ಸರ್ವರಿಗೆ ಎಸ್‌ಎಸ್‌ಎಚ್ ಮೂಲಕ ದೂರದಿಂದ ಲಾಗಿನ್ ಆಗುವವರು ಟಿಮಕ್ಸ್ ಎಂಬ ಟೂಲ್ ಇಲ್ಲದೆ ಏನನ್ನೂ ಓಡಿಸಬಾರದು. ಬರೀ ಎಸ್‌ಎಸ್‌ಎಚ್‌ನಲ್ಲಿ ಲೈನ್ ತುಂಡಾದರೆ ಓಡುತ್ತಿದ್ದ ಕೆಲಸವೂ ಸಾಮಾನ್ಯವಾಗಿ ಸಾಯುತ್ತದೆ. ಡೇಟಾಬೇಸ್ ಬದಲಾವಣೆ ನಡುವೆ ಹಾಗಾದರೆ ಕಷ್ಟ. ಟಿಮಕ್ಸ್ ಒಳಗಿದ್ದರೆ ಅದು ಸರ್ವರಿನಲ್ಲಿ ಓಡುತ್ತಲೇ ಇರುತ್ತದೆ, ನೀವು ಮತ್ತೆ ಬಂದು ‘ಅಟ್ಯಾಚ್’ ಅಂದರೆ ಸಾಕು. ಅದರ ಜೊತೆಗೆ ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ‘ಸರ್ವರ್ ಅಲೈವ್ ಇಂಟರ್ವಲ್’ 30 ಎಂದು ಹಾಕಿ. ಸುಮ್ಮನಿದ್ದಾಗ ಕಡಿದುಹೋಗುವುದು ತಪ್ಪುತ್ತದೆ, ಲೈನ್ ನಿಜವಾಗಿ ಸತ್ತಿದ್ದರೆ ಸುಮಾರು 90 ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಫೈಬರಿನಿಂದ ಫೋನಿಗೆ, ಫೋನಿನಿಂದ ಫೈಬರಿಗೆ ಹಾರುತ್ತಿರುವವರಿಗೆ ಎಸ್‌ಎಸ್‌ಎಚ್‌ ಬದಲಿಗೆ ಬಳಸುವ ಮೋಶ್ ಇನ್ನೂ ಹಿತ. ಐಪಿ ವಿಳಾಸ ಬದಲಾದರೂ ಸೆಷನ್ ಉಳಿಯುತ್ತದೆ, ಒತ್ತಿದ ಅಕ್ಷರ ತಡವಿಲ್ಲದೆ ಪರದೆಯ ಮೇಲೆ ಮೂಡುತ್ತದೆ. ಅದಕ್ಕೆ ಸರ್ವರಿನಲ್ಲಿ ಮೋಶ್ ಇರಬೇಕು, ಯುಡಿಪಿ 60000ದಿಂದ 61000ವರೆಗಿನ ಪೋರ್ಟುಗಳು ತೆರೆದಿರಬೇಕು. ಓಡಲಿಲ್ಲ ಅನ್ನುವವರು ಮೊದಲು ಫೈರ್‌ವಾಲ್ ನೋಡಿ.

ಎಡಿಟರ್ ವಿಚಾರದಲ್ಲಿ ನನಗೆ ಹಟವಿಲ್ಲ. ವಿಎಸ್ ಕೋಡ್ ಆದರೆ ಆಟೊ ಸೇವ್ ಹಾಕಿಕೊಳ್ಳಿ. ವಿಮ್ ಆದರೆ 200 ಅಕ್ಷರ ಒತ್ತಿದಾಗ ಅಥವಾ ನಾಲ್ಕು ಸೆಕೆಂಡು ಸುಮ್ಮನಿದ್ದಾಗ ತಾನೇ ಸ್ವಾಪ್ ಫೈಲಿಗೆ ಬರೆಯುತ್ತದೆ, ಕರೆಂಟು ಹೋಗಿ ಬಂದಾಗ ‘ರಿಕವರ್’ ಒತ್ತಿದರೆ ಬಹುಪಾಲು ಸಿಗುತ್ತದೆ. ಮುಖ್ಯವಾದದ್ದು ಬರೆಯುತ್ತಿದ್ದಂತೆ ಕೋಡಿನ ತಪ್ಪು ಹಿಡಿಯುವ ಲ್ಯಾಂಗ್ವೇಜ್ ಸರ್ವರ್. ರಸ್ಟ್ ಅನಲೈಸರ್, ಗೋಪಿಎಲ್‌ಎಸ್, ಪೈರೈಟ್ ಎಲ್ಲ ನಿಮ್ಮ ಯಂತ್ರದಲ್ಲೇ ಓಡುವಂಥವು, ನೆಟ್ ಹೋದರೂ ತಪ್ಪು ತೋರಿಸುವುದನ್ನು ನಿಲ್ಲಿಸುವುದಿಲ್ಲ. ಕ್ಲೌಡಿನ ಎಐ ಸಲಹೆಯನ್ನೇ ನೆಚ್ಚಿಕೊಂಡವರ ಕೈ ಆಗ ಕಟ್ಟಿದಂತಾಗುತ್ತದೆ.

ಕೈಪಿಡಿಗಳಿಗೆ ಝೀಲ್ ಎಂಬ ಆಪ್. ಬೇಕಾದ ಭಾಷೆಗಳ ಡಾಕ್‌ಸೆಟ್ (ಕೈಪಿಡಿಯ ಕಟ್ಟು) ಒಮ್ಮೆ ಇಳಿಸಿಟ್ಟರೆ ನೆಟ್ ಇಲ್ಲದೆ ಹುಡುಕಬಹುದು. ಬ್ರೌಸರೇ ಸಾಕು ಅನ್ನುವವರಿಗೆ ಡೆವ್‌ಡಾಕ್ಸ್‌ನಲ್ಲೂ ಆಫ್‌ಲೈನ್ ಆಯ್ಕೆಯಿದೆ. ರಸ್ಟ್‌ನವರಿಗೆ ‘ರಸ್ಟ್‌ಅಪ್ ಡಾಕ್’ ಅಂದರೆ ಇಡೀ ಕೈಪಿಡಿ ತೆರೆದುಕೊಳ್ಳುತ್ತದೆ.

ಪ್ಯಾಕೇಜುಗಳನ್ನು ಮುಂಚೆಯೇ ತುಂಬಿಸಿಡಿ. ಪೈಥಾನ್‌ನಲ್ಲಿ ‘ಪಿಪ್ ಡೌನ್‌ಲೋಡ್’ ಮಾಡಿ ಒಂದು ಫೋಲ್ಡರಿಗೆ ಹಾಕಿ, ಆಮೇಲೆ ‘ನೋ ಇಂಡೆಕ್ಸ್’, ‘ಫೈಂಡ್ ಲಿಂಕ್ಸ್’ ಕೊಟ್ಟು ಅಲ್ಲಿಂದಲೇ ಇನ್‌ಸ್ಟಾಲ್ ಮಾಡಿ. ಹಾಸನದಲ್ಲೋ ಬೆಂಗಳೂರಿನಲ್ಲೋ ಗೆಳೆಯರ ವಿಂಡೋಸ್ ಯಂತ್ರದಲ್ಲಿ ಇಳಿಸಿ ಪೆನ್‌ಡ್ರೈವಲ್ಲಿ ತಂದರೆ ನಿಮ್ಮ ಲಿನಕ್ಸ್‌ನಲ್ಲಿ ಹತ್ತುವುದಿಲ್ಲ; ಸಿ ಭಾಷೆಯ ಭಾಗವಿರುವ ಪ್ಯಾಕೇಜುಗಳು ಆಪರೇಟಿಂಗ್ ಸಿಸ್ಟಮ್ಮಿಗೂ ಪೈಥಾನ್ ಆವೃತ್ತಿಗೂ ತಕ್ಕಂತೆ ಬೇರೆ ಬೇರೆ. ಪ್ರೋಗ್ರಾಮನ್ನು ಅದಕ್ಕೆ ಬೇಕಾದ್ದರ ಜೊತೆಗೇ ಕಟ್ಟಿಟ್ಟ ಡಾಕರ್ ಇಮೇಜಾದರೆ ‘ಸೇವ್’ ಮಾಡಿ ಫೈಲಾಗಿ ತಂದು ‘ಲೋಡ್’ ಮಾಡಬಹುದು. ಪೈಥಾನಿನ ಪೂರ್ತಿ ಇಮೇಜ್ ಬಿಚ್ಚಿದ ಮೇಲೆ ಒಂದು ಜಿಬಿ ಹತ್ತಿರ ಬರುತ್ತದೆ, ‘ಸ್ಲಿಮ್’ ಅದರ ಸಣ್ಣ ಪಾಲು. ಫೋನ್ ಡೇಟಾದಲ್ಲಿರುವವರು ಸ್ಲಿಮ್ಮನ್ನೇ ಹಿಡಿಯಿರಿ.

ಭರಣಿ, ಕೃತ್ತಿಕೆ ಮಳೆಯ ಗುಡುಗಿನಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ, ಒಎನ್‌ಟಿಯ ಅಡಾಪ್ಟರನ್ನೂ ಸೇರಿಸಿ. ಫೈಬರಿನ ಗಾಜು ವಿದ್ಯುತ್ ಒಯ್ಯದು, ಆದರೆ ಕಂಬದಿಂದ ಬರುವ ಕೇಬಲಿನಲ್ಲಿ ಜಗ್ಗದಿರಲೆಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಲೈನ್‌ಮ್ಯಾನಿಗೆ ಹೇಳಿ. ಆರಿದ್ರೆಯಿಂದ ಆಶ್ಲೇಷದವರೆಗೆ ಲ್ಯಾಪ್‌ಟಾಪಿನ ಬ್ಯಾಟರಿಯನ್ನು 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ತೆಗೆದು 100ರವರೆಗೂ ತುಂಬಲು ಬಿಡಿ, ಮಳೆ ಇಳಿದ ಮೇಲೆ ಮತ್ತೆ 80ಕ್ಕೆ ತನ್ನಿ. ಆ ಎರಡು ತಿಂಗಳ ಸವೆತಕ್ಕಿಂತ ಕೈಯಲ್ಲಿರುವ ಗಂಟೆಗಳು ದೊಡ್ಡವು.

ಮನೆ ಹುಡುಕುತ್ತಿರುವವರು ಅಡ್ವಾನ್ಸ್ ಕೊಡುವ ಮುಂಚೆ ಫೋನಿನ ಸೆಟ್ಟಿಂಗಿನಲ್ಲಿ ಸಿಮ್ ಸ್ಟೇಟಸ್ ತೆರೆದು ಪ್ರತಿ ಕೋಣೆಯಲ್ಲೂ ಸಿಗ್ನಲ್ ಅಂಕಿ ನೋಡಿ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಮೀಟಿಂಗಿಗೆ ತೊಂದರೆಯಿಲ್ಲ, ಮೈನಸ್ 110 ದಾಟಿದರೆ ಆ ಕೋಣೆ ಕೆಲಸಕ್ಕಾಗದು. ಎರಡು ಬೇರೆ ಕಂಪನಿಯ ಸಿಮ್ ಹಾಕಿ ನೋಡಿ, ಆಮೇಲೆ ಬಾಡಿಗೆ ಮಾತಾಡಿ.