ಪೇಟಿ ಮಾಸ್ತರ ಪಗಾರ ಯಾವ ಖಾತೆಗೆ?

ಅಮೆರಿಕಾಗೆ ಬಂದ ಮೇಲೆ ನಾನು ಹಿಡಿದ ಮೊದಲ ಕೆಲಸ ನಾಟಕದ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವುದು. ಪಗಾರ ಇಲ್ಲ. ತೆಗೆದುಕೊಳ್ಳುವಂತೆಯೂ ಇರಲಿಲ್ಲ. ಗಂಡನ ನೌಕರಿಯ ಹಿಂದೆ ಬಂದವಳು ನಾನು. ನನ್ನ ಎಚ್-4 ವೀಸಾದಲ್ಲಿ ದುಡಿಯುವ ಪರವಾನಗಿ ಇರಲಿಲ್ಲ. ಕಲಬುರಗಿಯಲ್ಲಿ ಬಿ.ಕಾಂ ಮುಗಿಸಿ ಮೂರು ವರ್ಷ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆದವಳಿಗೆ ಓಹಾಯೋದ ಚಳಿಯಲ್ಲಿ ಮನೆಯೊಳಗೆ ಕೂತು ಕೂತು ತಲೆ ಕೆಟ್ಟುಹೋಗಿತ್ತು. ಒಂದು ದಿನ ಲೈಬ್ರರಿಯ ಗೋಡೆ ಮೇಲೆ ಚೀಟಿ ನೋಡಿದೆ. ಊರಿನ ನಾಟಕದ ಸಂಘಕ್ಕೆ ಜನ ಬೇಕಾಗಿದ್ದರು. ಹೋದೆ.

ಅದೊಂದು ಹಳೆಯ ಚರ್ಚಿನ ಕಟ್ಟಡ. 140 ಕುರ್ಚಿ. ಹಗಲು ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವಾಕೆ ರಾತ್ರಿ ರಾಣಿ. ಟಪಾಲು ಹಂಚುವವನು ಖಳನಾಯಕ. ಪಾರ್ಟು ಮಾಡುವ ಯಾರಿಗೂ ದುಡ್ಡಿಲ್ಲ. ನಿರ್ದೇಶಕರಿಗೆ ಮಾತ್ರ ಒಂದಿಷ್ಟು ಗೌರವಧನ. ಅರೆ, ಇದು ನಮ್ಮ ಆಳಂದ ಕಡೆಯ ಹಳ್ಳಿ ನಾಟಕದ ಹಾಗೇ ಇದೆಯಲ್ಲ ಅನಿಸಿತು. ಎರಡನೇ ವಾರ ಗೊತ್ತಾಯಿತು, ಹಾಗಿಲ್ಲ ಅಂತ. ಇಲ್ಲಿ ಪರದೆಯ ಹಿಂದೆ ಇನ್ನೊಂದು ನಾಟಕ ನಡೆಯುತ್ತಿತ್ತು. ಅದರ ಹೆಸರು ಬಜೆಟ್ ಮೀಟಿಂಗ್.

ಸಂಘದ ಖಜಾಂಚಿ ಬ್ಯಾಂಕಿನಿಂದ ನಿವೃತ್ತಿಯಾದ ಒಬ್ಬ ಅಜ್ಜಿ. ನಾನು ಲೆಕ್ಕ ಬಲ್ಲವಳು ಎಂದು ತಿಳಿದ ಕೂಡಲೇ ಟಿಕೆಟ್ ಕಸಿದುಕೊಂಡು ಕಂಪ್ಯೂಟರ್ ಮುಂದೆ ಕೂಡಿಸಿದರು. ಇಂಥ ಸಂಘಗಳಿಗೆ ಇಲ್ಲಿ 501ಸಿ3 ಅನ್ನುತ್ತಾರೆ. ತೆರಿಗೆ ಕಾನೂನಿನ ಕಲಂ ಅದು. ಲಾಭ ಮಾಡಬಾರದು ಅಂತ ಅದರ ಅರ್ಥ ಅಂದುಕೊಂಡಿದ್ದೆ. ಅಲ್ಲ. ಲಾಭವನ್ನು ಹಂಚಿಕೊಳ್ಳಬಾರದು ಅಂತ. ಉಳಿದ ದುಡ್ಡು ಮುಂದಿನ ನಾಟಕಕ್ಕೇ ಹೋಗಬೇಕು. ವರ್ಷಕ್ಕೊಮ್ಮೆ 990 ಅನ್ನುವ ಫಾರಂ ತುಂಬಬೇಕು. ವರ್ಷದ ಜಮಾ ಸಾಮಾನ್ಯವಾಗಿ 50,000 ಡಾಲರ್ ದಾಟದಿದ್ದರೆ ಪೋಸ್ಟ್‌ಕಾರ್ಡಿನಷ್ಟು ಮಾಹಿತಿ ಕೊಟ್ಟರೆ ಸಾಕು. ಮೂರು ವರ್ಷ ಸತತ ಮರೆತರೆ ತೆರಿಗೆ ವಿನಾಯಿತಿ ತಾನಾಗಿಯೇ ರದ್ದು. ಆ ಫಾರಂ ಯಾರು ಕೇಳಿದರೂ ತೋರಿಸಬೇಕು. ಟಪಾಲಿನವನು ಬೇಕಾದರೂ ಕೇಳಬಹುದು. ನಮ್ಮ ಕಡೆ ಸಂಘದ ಲೆಕ್ಕ ಕೇಳಿದವರಿಗೆ ಮುಂದಿನ ವರ್ಷ ಪಾರ್ಟು ಸಿಗುವುದಿಲ್ಲ. ಇದು ನನ್ನ ಮಾತಲ್ಲ, ಕಾಕಾನ ಮಾತು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನನ್ನು ಮೊದಲು ಬೆಚ್ಚಿಬೀಳಿಸಿದ್ದು ಲೈಸೆನ್ಸ್. ಲೇಖಕರ ಹಕ್ಕು (ಕಾಪಿರೈಟ್) ಇರುವ ನಾಟಕ ಆಡಬೇಕಾದರೆ ಮೊದಲೇ ದುಡ್ಡು ಕಟ್ಟಿ ಒಪ್ಪಂದ ಮಾಡಿಕೊಳ್ಳಬೇಕು. ಹಾಡಿನ ನಾಟಕವಾದರೆ ಎಷ್ಟು ಕುರ್ಚಿ, ಟಿಕೆಟ್ ಬೆಲೆ ಎಷ್ಟು, ಎಷ್ಟು ಪ್ರದರ್ಶನ ಎಂದು ಕೇಳಿ ದರ ಹೇಳುತ್ತಾರೆ. ಅನುಮತಿ ಇಲ್ಲದೆ ಒಂದು ಸಾಲು ಕತ್ತರಿಸುವಂತಿಲ್ಲ. ನಮ್ಮಲ್ಲಿ? ಲೇಖಕ ತೀರಿಹೋದ 60 ವರ್ಷದವರೆಗೆ ಹಕ್ಕು ಇರುತ್ತದೆ ಎಂದು ಭಾರತದ ಕಾನೂನೂ ಹೇಳುತ್ತದೆ. ಆದರೆ ನಾನು ಕಂಡ ಮಟ್ಟಿಗೆ ಲೇಖಕರಿಗೆ ಸಿಗುವುದು ಒಂದು ಶಾಲು, ಒಂದು ತೆಂಗಿನಕಾಯಿ.

ಇನ್ನೊಂದು ವಿಷಯ ಅರ್ಥ ಮಾಡಿಕೊಳ್ಳಲು ಮಿಲ್ಲಿನ ಬುದ್ಧಿ ಸಾಲಲಿಲ್ಲ. ಮಿಲ್ಲಿನಲ್ಲಿ ನೂರು ಕೇಜಿ ತೊಗರಿ ಹಾಕಿದರೆ ಎಪ್ಪತ್ತು, ಎಪ್ಪತ್ತೈದು ಕೇಜಿ ಬೇಳೆ. ಉಳಿದ ಹೊಟ್ಟು, ನುಚ್ಚು ದನದ ಮೇವಿಗೆ ಮಾರಾಟ. ಹೊಸ ಮಷಿನ್ ಬಂದರೆ ಅದೇ ಆಳು ಜಾಸ್ತಿ ಬೇಳೆ ತೆಗೆಯುತ್ತಾರೆ. ನಾಟಕದಲ್ಲಿ ಹಾಗಾಗಲ್ಲ. 1966ರಲ್ಲೇ ಬೌಮೊಲ್ ಮತ್ತು ಬೋವೆನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಬಿಡಿಸಿ ಹೇಳಿದ್ದರು. ನಾಲ್ಕು ಜನ ನುಡಿಸುವ ಸಂಗೀತಕ್ಕೆ ಇನ್ನೂರು ವರ್ಷದ ಹಿಂದೆ ನಾಲ್ಕು ಜನ ಬೇಕಿತ್ತು, ಇವತ್ತೂ ನಾಲ್ಕು ಜನ ಬೇಕು. ಹೊರಗೆ ಎಲ್ಲರ ಕೂಲಿ ಏರುತ್ತದೆ, ಇಲ್ಲಿ ಕೆಲಸ ಮಾತ್ರ ಬೇಗ ಮುಗಿಯುವುದಿಲ್ಲ. ಬಯಲಾಟದ ಭೀಮನನ್ನೇ ನೋಡಿ. ಎಂಥ ಮಷಿನ್ ತಂದರೂ ಒಬ್ಬ ಭೀಮನಿಗೆ ಒಬ್ಬ ಮನುಷ್ಯ ಬೇಕೇ ಬೇಕು. ಅದಕ್ಕೇ ಬರೀ ಟಿಕೆಟ್ ದುಡ್ಡಿನಲ್ಲಿ ನಾಟಕದ ಖರ್ಚು ಏಳುವುದು ಕಷ್ಟ. ನಮ್ಮ ಸಂಘವೂ ಜಾಹೀರಾತು, ದೇಣಿಗೆ, ನಡುವೆ ಮಾರುವ ಕಾಫಿ-ಬಿಸ್ಕೀಟು ಎಲ್ಲ ಸೇರಿಸಿ ಉಸಿರಾಡುತ್ತದೆ. ಹೊಟ್ಟು ನುಚ್ಚು ಬಿಡಬಾರದು ಅನ್ನುವಷ್ಟು ಮಾತ್ರ ಮಿಲ್ಲಿನಿಂದ ಬಂತು.

ಇಷ್ಟು ತಿಳಿದ ಮೇಲೆ ನಾನು ದೊಡ್ಡ ಜಾಣೆ ಆದೆ. ತಪ್ಪು ಮಾಡಿದ್ದು ಆಗಲೇ.

ಎರಡನೇ ವರ್ಷ ಒಂದು ಹಾಡಿನ ನಾಟಕ. ಒಂಬತ್ತು ಪ್ರದರ್ಶನ. ಪಿಯಾನೋ ನುಡಿಸುವಾಕೆ, ಡ್ರಮ್ಮಿನವನು, ಇಬ್ಬರಿಗೂ ಸೇರಿ 1,200 ಡಾಲರ್. ಲೈಸೆನ್ಸ್ ಕೊಡುವ ಕಂಪನಿಯವರೇ ರೆಕಾರ್ಡ್ ಮಾಡಿದ ಹಿನ್ನೆಲೆ ಸಂಗೀತವನ್ನೂ ಬಾಡಿಗೆಗೆ ಕೊಡುತ್ತಾರೆ. ಅದಕ್ಕೆ 400. ನಾನು ಎರಡು ಕಾಲಂ ಮಾಡಿ ಸಂಘದ ಆಡಳಿತ ಮಂಡಳಿಯ ಮುಂದೆ ಇಟ್ಟೆ. 800 ಡಾಲರ್ ಉಳಿತಾಯ, ಕೆಂಪು ಅಕ್ಷರದಲ್ಲಿ. ಎಲ್ಲರೂ ಕೈ ಎತ್ತಿದರು. ನಿರ್ದೇಶಕರು ಆ ಮೀಟಿಂಗಿಗೆ ಬಂದಿರಲಿಲ್ಲ. ಕರೆದಿದ್ದರೆ ತಾನೇ ಬರುವುದು?

ಎರಡನೇ ರಾತ್ರಿ. ಅಪ್ಪನ ಪಾರ್ಟು ಮಾಡುತ್ತಿದ್ದ ಹಿರಿಯರು ಹಾಡಿನ ನಡುವೆ ಒಂದು ಸಾಲು ಮರೆತರು. ಮರೆಯುವುದು ದೊಡ್ಡದಲ್ಲ. ಆದರೆ ರೆಕಾರ್ಡು ನಿಲ್ಲಲಿಲ್ಲ. ಅವರು ಹುಡುಕಿಕೊಂಡು ಬರುವಷ್ಟರಲ್ಲಿ ಸಂಗೀತ ನಾಲ್ಕು ಸಾಲು ಮುಂದೆ ಹೋಗಿತ್ತು. ಅವರು ಓಡಿದರು, ಅದು ಇನ್ನೂ ಮುಂದೆ ಓಡಿತು. ನೋಡುತ್ತಿದ್ದ ಜನ ತಲೆ ತಗ್ಗಿಸಿದರು. ನಾಟಕ ಮುಗಿದ ಮೇಲೆ ಆ ಹಿರಿಯರು ಬಣ್ಣ ಒರೆಸದೆ ಹಾಗೇ ಕನ್ನಡಿ ಮುಂದೆ ಕೂತಿದ್ದರು. ನನ್ನ 800 ಡಾಲರ್ ಅಲ್ಲೇ ಅವರ ಪಕ್ಕ ಕೂತಿತ್ತು.

ಆ ರಾತ್ರಿ ನನಗೆ ನೆನಪಾದದ್ದು ನಮ್ಮೂರ ಪೇಟಿ ಮಾಸ್ತರ, ನಾಟಕಕ್ಕೆ ಹಾರ್ಮೋನಿಯಂ ನುಡಿಸುವವರು.

ಆಳಂದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಯುಗಾದಿ ಆದ ಮೇಲೆ ನಾಟಕ ಆಡುತ್ತಿದ್ದರು. ಮನೆಮನೆಗೆ ಹೋಗಿ ಪಟ್ಟಿ (ವಂತಿಗೆ) ಎತ್ತುವುದು, ಪರದೆ, ಲೈಟು ಬಾಡಿಗೆಗೆ ತರುವುದು, ನಾಯಕಿಯನ್ನು ಬೇರೆ ಊರಿಂದ ಕರೆಸುವುದು. ಪಟ್ಟಿಯ ವಹಿ ನಮ್ಮ ಕಾಕಾನ ಕೈಯಲ್ಲಿ. ಖಳನ ಪಾರ್ಟೂ ಅವರದೇ. ಆ ವಹಿಯ ಮೊದಲ ಸಾಲು ಯಾವಾಗಲೂ ಪೇಟಿ ಮಾಸ್ತರದು. ಅವರ ಮುಂಗಡ ಕೊಟ್ಟ ಮೇಲೇ ಪರದೆ, ಆಮೇಲೆ ಲೈಟು, ಕೊನೆಗೆ ಉಳಿದರೆ ಚಹಾ. ಒಂದು ವರ್ಷ ಕಾಕಾ ಹಾಡು ಮರೆತರು. ಮಾಸ್ತರರು ಅದೇ ಸಾಲನ್ನು ಪೇಟಿಯಲ್ಲಿ ಒಮ್ಮೆ ತಿರುಗಿಸಿದರು, ಇನ್ನೊಮ್ಮೆ ತಿರುಗಿಸಿದರು, ಮೂರನೇ ಸಲ ಮೆಲ್ಲಗೆ ಗುನುಗಿದರು. ಕಾಕಾಗೆ ನೆನಪಾಯಿತು, ಎದೆ ಉಬ್ಬಿಸಿ ಎತ್ತಿಕೊಂಡರು. ಮುಂದೆ ಕೂತ ಮಂದಿ "ಒನ್ಸ್ ಮೋರ್" ಅಂತ ಕೂಗಿದರು. ಅವರ ಪಾಲಿಗೆ ಅದೇ ಕಲೆ!

ನಮ್ಮ ಆಟದಲ್ಲೂ ದುಡ್ಡಿನ ಕಾಟ ಇಲ್ಲದೇ ಇರಲಿಲ್ಲ. ರಾಜ ಸಾಯುತ್ತಿರುವಾಗಲೇ ಯಾರೋ ಮೇಲೆ ಹತ್ತಿ ಆಯೇರಿ (ಉಡುಗೊರೆ) ಮಾಡುತ್ತಿದ್ದರು. ಮೈಕಿನಲ್ಲಿ ಹೆಸರು, ಊರು, ನೂರಾ ಒಂದು ರೂಪಾಯಿ ಎಂದು ಕೂಗಬೇಕು. ಸಾಯುತ್ತಿದ್ದ ರಾಜ ಎದ್ದು ಕೈ ಮುಗಿದು ಮತ್ತೆ ಮಲಗುತ್ತಿದ್ದ. ಇಲ್ಲಿ ದಾನಿಗಳ ಹೆಸರನ್ನು ಪರದೆ ಏಳುವ ಮೊದಲೇ ಓದಿ ಮುಗಿಸುತ್ತಾರೆ. ಅಷ್ಟು ವಾಸಿ.

ಸರಿ, ಓಹಾಯೋಗೆ ವಾಪಸ್. ನಿರ್ದೇಶಕರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಖಜಾಂಚಿ ಅಜ್ಜಿ ಬೈಯಲಿಲ್ಲ. ಎರಡು ನಿಯಮ ಬರೆದು ಗೋಡೆಗೆ ಅಂಟಿಸಿದರು, ಅಷ್ಟೇ. ನಿರ್ದೇಶಕರು ಎದುರಿಗಿಲ್ಲದೆ ಯಾವ ಖರ್ಚನ್ನೂ ಕತ್ತರಿಸುವಂತಿಲ್ಲ. ಲೆಕ್ಕದವರು ತಾಲೀಮಿಗೆ ಬಂದು ಕೂರದೆ ಬಜೆಟ್ ಬರೆಯುವಂತಿಲ್ಲ.

ಮುಂದಿನ ನಾಟಕದ ತಾಲೀಮಿಗೆ ಕೂತೆ. ಮೊದಲ ದಿನ ಬೇಜಾರು. ಒಬ್ಬ ಬಾಗಿಲು ತೆಗೆದು ಒಳಗೆ ಬರುವುದನ್ನು ಹನ್ನೊಂದು ಸಲ ಮಾಡಿಸಿದರು. ಮೂರನೇ ದಿನದ ಹೊತ್ತಿಗೆ ನನಗೇ ಕಾಣತೊಡಗಿತು. ಇಡೀ ನಾಟಕ ನಿಂತಿರುವುದು ಆ ಬಾಗಿಲಿನ ಮೇಲೆ. ಅದು ಗಟ್ಟಿ ಮರದ್ದೇ ಇರಬೇಕು, ಮುಚ್ಚಿದರೆ ಸದ್ದು ಬರಬೇಕು. ಕೋಣೆಗೆ ಬಣ್ಣ ಹೊಸದಾಗದಿದ್ದರೂ ನಡೆಯುತ್ತೆ. ಉಡುಪಿನ ಪಟ್ಟಿ 600 ಡಾಲರ್ ಇತ್ತು. ನಾನು ಕತ್ತರಿ ಹಾಕಲಿಲ್ಲ. ನಿರ್ದೇಶಕರ ಮುಂದೆ ಇಟ್ಟು, ಇದರಲ್ಲಿ ಯಾವುದನ್ನು ತೆಗೆದರೆ ನಾಟಕ ಸಾಯುತ್ತೆ ಎಂದಷ್ಟೇ ಕೇಳಿದೆ. ಅವರೇ ಪೆನ್ ತೆಗೆದುಕೊಂಡು ಅರ್ಧಕ್ಕಿಂತ ಜಾಸ್ತಿ ಹೊಡೆದುಹಾಕಿದರು. ನಾನಾಗಿದ್ದರೆ ಅಷ್ಟು ಕತ್ತರಿಸುವ ಧೈರ್ಯ ಮಾಡುತ್ತಿರಲಿಲ್ಲ. ಕತ್ತರಿಸಿದ್ದರೂ ಬೇರೆ ಅರ್ಧವನ್ನೇ ಕತ್ತರಿಸುತ್ತಿದ್ದೆ.

ಹೋದ ಸಲ ಊರಿಗೆ ಬಂದಾಗ ಕಾಕಾನ ಮಗ, ನನ್ನ ತಮ್ಮ, ಒಂದು ವಹಿ ತಂದು ಮುಂದಿಟ್ಟ. ಅವನು ಸಾಲಿ ಮಾಸ್ತರ. ಗೆಳೆಯರ ಜೊತೆ ಒಂದು ತಂಡ ಕಟ್ಟಿಕೊಂಡಿದ್ದಾನೆ. ಕಲಬುರಗಿಯ ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ ಒಂದು ನಾಟಕ ಆಡಿದ್ದರು. ಹಾಲ್ ತುಂಬಿತ್ತು, ಚಪ್ಪಾಳೆ ಬಿತ್ತು, ಎಲ್ಲ ಪುಕ್ಕಟೆ. ಖರ್ಚು 42,000. ಜಮಾ ಕಾಲಂನಲ್ಲಿ ಒಂದು ಕಡೆ "ಬರಬೇಕು" ಅಂತ ಬರೆದಿತ್ತು. ಉಳಿದದ್ದು ಕೈಗಡ.

ವಹಿಯಲ್ಲಿ ನನ್ನ ಕಣ್ಣಿಗೆ ಚುಚ್ಚಿದ್ದು ಒಂದೇ ಸಾಲು. ಅತಿಥಿಗಳಿಗೆ ಶಾಲು, ಹಾರ: 3,900. ಅದರ ಕೆಳಗೆ ಲೈಟಿನವನ ಬಾಕಿ: 4,000. ಶಾಲಿನ ಅಂಗಡಿಗೆ ನಗದು ಕೊಟ್ಟಿದ್ದರು. ಲೈಟಿನವನಿಗೆ "ಆಮ್ಯಾಲೆ ಕೊಡ್ತೀವಿ" ಅಂದಿದ್ದರು.

"ಈ ಹನ್ನೊಂದು ಶಾಲು ತೆಗೆದಿದ್ದರೆ ನಾಟಕ ಸಾಯುತ್ತಿತ್ತೇನೋ?" ಅಂತ ಕೇಳಿದೆ.

"ನಾಟಕ ಸಾಯಾಂಗಿಲ್ಲ ಅಕ್ಕ. ಅತಿಥಿಗೋಳು ಸಿಟ್ಟಾಗ್ತಾರ," ಅಂದ.

ಟಿಕೆಟ್ ಇಡು ಅಂದೆ. "ಟಿಕೀಟ ಇಟ್ರ ಯಾರ್ ಬರ್ತಾರ?" ಅಂದ. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆಯಲ್ಲಿ ಕಂಪನಿ ನಾಟಕದ ಟೆಂಟಿಗೆ ಇದೇ ಮಂದಿ ಟಿಕೆಟ್ ತಗೊಂಡು ಹೋಗುವುದನ್ನು ಇಬ್ಬರೂ ನೋಡುತ್ತ ಬೆಳೆದವರು. ಅದನ್ನೇ ನೆನಪಿಸಿದೆ. "ಅವು ಬ್ಯಾರೆ, ನಮ್ಮದು ಬ್ಯಾರೆ," ಅಂದ. ದುಡ್ಡು ಒಳಗೆ ಬಂದರೆ ಅದರ ಹಿಂದೆಯೇ ಎರಡರ್ಥದ ಮಾತೂ ಬರುತ್ತದೆ ಅನ್ನುವುದು ಅವನ ಭಯ. ಆ ಭಯ ಸುಳ್ಳು ಅಂತ ನಾನು ಹೇಳಲಾರೆ. ನಮ್ಮ ಓಹಾಯೋ ಸಂಘ ಪ್ರತಿ ಡಿಸೆಂಬರಿನಲ್ಲಿ ಅದೇ ಹಳೆಯ ಕ್ರಿಸ್‌ಮಸ್ ನಾಟಕ ಆಡುತ್ತದೆ. ನಿರ್ದೇಶಕರಿಗೆ ಅದನ್ನು ಕಂಡರೆ ವಾಕರಿಕೆ. ಆದರೆ ಹಾಲ್ ತುಂಬುತ್ತದೆ. ಆ ದುಡ್ಡಿನಲ್ಲೇ ಅವರು ಫೆಬ್ರವರಿಯಲ್ಲಿ ತಮಗಿಷ್ಟದ ನಾಟಕ ಆಡುತ್ತಾರೆ. ಅದಕ್ಕೆ ಬರುವುದು ನಲವತ್ತು ಜನ. ಡಿಸೆಂಬರ್ ಫೆಬ್ರವರಿಗೆ ಸಾಲ ಕೊಡುತ್ತದೆ ಅಂತ ಅಜ್ಜಿ ನಗುತ್ತಾರೆ.

ನಮ್ಮ ನಾಟಕ ಕಂಪನಿ ಮಾಲಕರಿಗೆ ಇದು ಹೊಸದಲ್ಲ. ಗುಬ್ಬಿ ವೀರಣ್ಣನವರು ಹಾಸ್ಯದ ಪಾರ್ಟಿಗೆ ಹೆಸರಾದವರು, ಕಂಪನಿಯನ್ನೂ ನಡೆಸಿದರು. ರಂಗದ ಮೇಲೆ ನಿಜವಾದ ಆನೆ-ಕುದುರೆ ತಂದರು. ಆನೆಯ ಮೇವಿನ ಲೆಕ್ಕ ನೋಡುವ ಗುಮಾಸ್ತನನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದ. ಏಣಗಿ ಬಾಳಪ್ಪನವರು ಹಾಡುತ್ತಿದ್ದರು, ನಟಿಸುತ್ತಿದ್ದರು, ಅವರೂ ಕಂಪನಿಯ ಮಾಲಕರೇ. ಲೆಕ್ಕ, ಕಲೆ ಎರಡೂ ಒಂದೇ ತಲೆಯೊಳಗೆ ಕೂತು ಜಗಳಾಡುತ್ತಿದ್ದವು. ಈಗ ಎರಡಕ್ಕೂ ಬೇರೆ ಬೇರೆ ಜನ ಇದ್ದಾರೆ. ಹಾಗಾಗಿ ಜಗಳಕ್ಕೆ ಎದುರುಬದುರು ಕೂರಿಸಬೇಕು.

ತಮ್ಮನಿಗೆ ಕೆಲವು ವಿಷಯ ಬರೆದುಕೊಟ್ಟೆ. ನಾಟಕದ ಟಿಕೆಟ್ ತಲೆಗೆ 500 ರೂಪಾಯಿ ಒಳಗಿದ್ದರೆ ಜಿಎಸ್‌ಟಿ ಇಲ್ಲ. ಆದಾಯ ತೆರಿಗೆ ಇಲಾಖೆಯಲ್ಲಿ ಸಂಘವನ್ನು ಅದಕ್ಕೆಂದೇ ನೋಂದಾಯಿಸಿದರೆ ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗಬಹುದು. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಆ ಪಟ್ಟಿಯಲ್ಲಿ ಕಲೆ-ಸಂಸ್ಕೃತಿಯೂ ಇದೆ. ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳಿವೆ, ಅರ್ಜಿ ಹಾಕಿ ನೋಡು ಅಂದೆ. ಅವನು ತಲೆ ಆಡಿಸಿದ. ಅರ್ಜಿ ಬರೆಯುವುದಕ್ಕಿಂತ ನಾಟಕ ಬರೆಯುವುದು ಸಲೀಸು ಅನ್ನುವ ಮುಖ. ಅದನ್ನೂ ನಾನು ಬಲ್ಲೆ. ಓಹಾಯೋದ ನಿರ್ದೇಶಕರದ್ದೂ ಅದೇ ಮುಖ.

ನಾನು ವಾಪಸ್ ಬಂದು ಮೂರು ತಿಂಗಳಿಗೆ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಹೊಸ ನಾಟಕದ ಬಜೆಟ್, ತಮ್ಮನ ದುಂಡಗಿನ ಅಕ್ಷರದಲ್ಲಿ. ಮೊದಲ ಸಾಲು ಪೇಟಿ ಮಾಸ್ತರ. ಎರಡನೆಯದು ಲೈಟಿನವನ ಹಳೆ ಬಾಕಿ. ಶಾಲು ಹನ್ನೊಂದರಿಂದ ಎರಡಕ್ಕೆ ಇಳಿದಿತ್ತು. ಆ ಎರಡು ಯಾರಿಗೆ ಅಂತ ನಾನು ಕೇಳಲಿಲ್ಲ. ಟಿಕೆಟ್ 100.

ಮರುದಿನ ಕಾಕಾ ಫೋನ್ ಮಾಡಿದರು.

"ಏನವಾ, ಮಗ ನನಗೂ ಪಾಸ್ ಇಲ್ಲ ಅಂತಾನ. ಇದು ನೀ ಕಲಿಸಿದ್ದೇನು?"

"ಹೌದು ಕಾಕಾ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಪೇಟಿಗೆ ಯಾರ್ ಕುಂದರ್ತಾರಂತ?"

ಹೇಳಿದೆ.

"ಹಂಗಾರ ಎರಡು ಟಿಕೀಟ ತಗೋತೀನಿ," ಅಂದರು. "ಮುಂದಿನ ಸಾಲಿನ್ಯಾಗ ಕೂಡ್ಸು ಅಂತ ಅವನಿಗಿ ಹೇಳು."