ಹತ್ತು ಕಾಲು, ಒಂಬತ್ತು ತೂತು

ಭಾನುವಾರ, ಕುವೆಂಪುನಗರ. ಪಿಸಿ ಜೋಡಿಸುವ ಕೆಲಸದ ಮೂರನೇ ವಾರ.

ಇವತ್ತು ಮದರ್‌ಬೋರ್ಡ್, ಅಂದರೆ ಪಿಸಿಯ ಮುಖ್ಯ ಸರ್ಕಿಟ್ ಹಲಗೆ, ಕೂರಿಸುವ ದಿನ. ಪಿಸಿಯ ಕ್ಯಾಬಿನೆಟ್ (ಹೊರಗಿನ ಪೆಟ್ಟಿಗೆ) ಮನೆಯದೇ, ವರ್ಷಗಟ್ಟಲೆ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಬೋರ್ಡ್ ಗೆಳೆಯ ಕೊಟ್ಟದ್ದು. ಎಟಿಎಕ್ಸ್ ಅನ್ನುವ ಅಳತೆಯದು, 305 ಮಿ.ಮೀ. ಉದ್ದ, 244 ಅಗಲ. ಈ ಕ್ಯಾಬಿನೆಟ್‌ನಲ್ಲಿ ಮೊದಲಿದ್ದದ್ದು ಮೈಕ್ರೋ ಎಟಿಎಕ್ಸ್, 244ಕ್ಕೆ 244ರ ಚೌಕ. ಇವತ್ತಿನ ಫಜೀತಿಗೆಲ್ಲ ಇದೇ ಕಾರಣ.

ಬೋರ್ಡಿನ ಬೆನ್ನ ತುಂಬ ಬೆಸುಗೆಯ ಮೊನೆಗಳು. ಅವು ತಗಡಿಗೆ ತಾಗಿದರೆ ಶಾರ್ಟ್. ಅದಕ್ಕೇ ಹಿತ್ತಾಳೆಯ ಸ್ಟ್ಯಾಂಡ್‌ಆಫ್ ಹಾಕಿ ಬೋರ್ಡನ್ನು ಎತ್ತರಿಸಿ ಇಡುವುದು. ನಾನು ಅವನ್ನು ಕಾಲು ಅಂತಲೇ ಕರೆಯುತ್ತೇನೆ. ಹಳೇ ಬೋರ್ಡಿಗೆ ಎಂಟು ಕಾಲಿದ್ದವು. ಅದರಲ್ಲಿ ಆರು ಎರಡೂ ಅಳತೆಗೆ ಹೊಂದುತ್ತವೆ. ಕೆಳಗಿನ ಸಾಲಿನ ಎರಡನ್ನು ಬಿಚ್ಚಿ, ಇನ್ನೂ ಕೆಳಗೆ ಮೂರು ಹಾಕಬೇಕು. ಒಟ್ಟು ಒಂಬತ್ತು.

ಮೂರು ಹಾಕಿದೆ. ಒಂದು ಬಿಚ್ಚಿದೆ. ಅಷ್ಟರಲ್ಲಿ ಅಮ್ಮ ಕಾಫಿಗೆ ಕರೆದರು.

ವಾಪಸ್ ಬಂದು, ಸುಮ್ನೆ ಒಂದು ಅನುಮಾನಕ್ಕೆ, ಕಾಲುಗಳ ಮೇಲೆ ನ್ಯೂಸ್‌ಪೇಪರ್ ಹಾಸಿ ಹೆಬ್ಬೆರಳಲ್ಲಿ ಒತ್ತುತ್ತಾ ಹೋದೆ. ಪೇಪರಿನಲ್ಲಿ ಹತ್ತು ಗುರುತು ಮೂಡಿದವು. ಬೋರ್ಡಿನಲ್ಲಿ ಒಂಬತ್ತೇ ತೂತು. ಮತ್ತೊಮ್ಮೆ ಎಣಿಸಿದೆ, ಹತ್ತೇ. ಬಿಚ್ಚದೇ ಉಳಿದಿದ್ದ ಕಾಲು ಸರಿಯಾಗಿ ಪಿಸಿಐ ಸ್ಲಾಟಿನ (ಹೆಚ್ಚುವರಿ ಕಾರ್ಡ್ ಸಿಕ್ಕಿಸುವ ಜಾಗ) ಬೆನ್ನಿಗೆ ಒತ್ತಿಕೊಳ್ಳುತ್ತಿತ್ತು. ಬೋರ್ಡ್ ಕೂತ ಮೇಲೆ ಅದು ಕಣ್ಣಿಗೆ ಬೀಳುವುದೂ ಇಲ್ಲ, ಅಲ್ವಾ? ಬೆವರೇ ಬಂತು.

ಉಳಿದದ್ದು ಹೆಚ್ಚು ತಡವಾಗಲಿಲ್ಲ. ಎಸ್‌ಎಂಪಿಎಸ್, ಅಂದರೆ ಪಿಸಿಗೆ ಕರೆಂಟ್ ಕೊಡುವ ಡಬ್ಬಿ, ಮೊದಲೇ ಕೂರಿಸಿದ್ದೆ. ಅದರ ಪ್ಲಗ್ ಗೋಡೆಯಲ್ಲೇ ಇತ್ತು, ಸ್ವಿಚ್ ಆಫ್. ಹಾಗಾಗಿ ಅರ್ಥಿಂಗ್ ಸಿಗುತ್ತದೆ. ಆಗಾಗ ಅದರ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ (ಮೈಯಲ್ಲಿ ಸೇರಿಕೊಳ್ಳುವ ವಿದ್ಯುತ್) ಇಳಿಸಿಕೊಂಡೆ. ಹಿಂಬದಿಯ ಐಓ ಶೀಲ್ಡ್, ಅಂದರೆ ಪೋರ್ಟುಗಳಿಗೆ ತೂತಿರುವ ತಗಡು, ಮೊದಲೇ ಒತ್ತಿ ಕೂರಿಸಿದ್ದೆ. ಆದರೂ ಅದರ ಒಂದು ತಗಡಿನ ನಾಲಿಗೆ ನೆಟ್ ಕೇಬಲ್ ಸಿಕ್ಕಿಸುವ ಲ್ಯಾನ್ ಪೋರ್ಟಿನೊಳಗೆ ನುಗ್ಗಿತ್ತು. ಬೋರ್ಡ್ ಎತ್ತಿ, ನಾಲಿಗೆ ಮಡಚಿ, ಮತ್ತೆ ಇಳಿಸಿದೆ.

ಸ್ಕ್ರೂಗಳದ್ದೇ ಇನ್ನೊಂದು ಕತೆ. ಎಂ3 ಅನ್ನುವ ಸ್ಕ್ರೂ ಸಣ್ಣ ಮರೆಯದು (ಮರೆ ಅಂದರೆ ಸ್ಕ್ರೂವಿನ ಸುರುಳಿ ಗೆರೆ), 6-32 ಅನ್ನುವುದು ದಪ್ಪ ಮರೆಯದು. ನೋಡಲು ಅಣ್ಣ ತಮ್ಮಂದಿರ ಹಾಗೆ. ದಪ್ಪದ್ದನ್ನು ಎಂ3 ಕಾಲಿಗೆ ಬಲವಂತವಾಗಿ ತಿರುಗಿಸಿದರೆ ಅರ್ಧಕ್ಕೇ ಕಚ್ಚಿಕೊಳ್ಳುತ್ತದೆ, ಆಮೇಲೆ ಬಿಚ್ಚುವಾಗ ಕಾಲೂ ಜೊತೆಗೇ ಕಿತ್ತು ಬರುತ್ತದೆ. ಅದಕ್ಕೇ ಮೊದಲು ಪ್ರತಿಯೊಂದನ್ನೂ ಬೆರಳಲ್ಲೇ ತಿರುಗಿಸಿ ನೋಡಿದೆ. ಸಲೀಸಾಗಿ ಇಳಿದರೆ ಅದೇ ಸರಿಯಾದ್ದು. ಒಂಬತ್ತನ್ನೂ ಸಡಿಲವಾಗಿ ಹಾಕಿ, ಆಮೇಲೆ ಎದುರು ಬದುರಾಗಿ ಬಿಗಿ ಮಾಡಿದೆ. ಸ್ಕ್ರೂ ತಡೆದು ನಿಂತ ಕೂಡಲೇ ನಿಲ್ಲಿಸಿದೆ. ಇನ್ನೂ ಜಾಸ್ತಿ ತಿರುಗಿಸುವ ಚಟ ನನಗಿದೆ, ಹಿಂದೆ ಒಂದು ಫ್ಯಾನಿನ ಕಿವಿ ಮುರಿದಿದ್ದೇನೆ.

ಪವರ್ ಬಟನ್ ತಂತಿಗಳು ಮುಂದಿನ ವಾರಕ್ಕೆ. ಸ್ಕ್ರೂ ವಿಂಗಡಿಸಲು ಅಮ್ಮನ ಹಳೇ ಒಗ್ಗರಣೆ ಡಬ್ಬಿ ತಂದಿದ್ದೆ, ಇನ್ನೂ ಇಂಗಿನ ವಾಸನೆ ಹೊಡೆಯುತ್ತಿದೆ. ಹತ್ತನೇ ಕಾಲು ಈಗ ಅದರ ಜೀರಿಗೆ ಬಟ್ಟಲಲ್ಲಿದೆ.